ಮೈನಸ್ ಹದಿಮೂರು

ಎಡಕ್ಕೆ ಬೇಲೂರು, ಬಲಕ್ಕೆ ಹಾಸನ,
ನಡುವೆ ಕಂಪೇರ್‌ಟು ಬರೆದು
ರನ್ ಒತ್ತಿದಳು ತಸ್ಮಿಯಾ.
ಬಂದದ್ದು ಮೈನಸ್ ಹದಿಮೂರು.

"ಮೇಡಂ, ಒಂದು, ಸೊನ್ನೆ, ಮೈನಸ್ ಒಂದು
ಅಂತ ತಾನೆ ನೋಟ್ಸಲ್ಲಿ ಬರೆಸಿದ್ದು?
ಇದೆಲ್ಲಿಂದ ಬಂತು ಹದಿಮೂರು?
ನಾನು ದಿನಾ ಬಸ್ಸಲ್ಲಿ ಬರೋದು ನಲವತ್ತು ಕಿಲೋಮೀಟರು."

ತಪ್ಪು ನನ್ನದೇ. ಹಳೇ ನೋಟ್ಸು, ಹಳೇ ಅವಸರ.
ಬೋರ್ಡಿನ ಮೇಲೆ ಬ ಬರೆದೆ, ದೂರದಲ್ಲಿ ಹ.
ಬೆರಳು ಮಡಚುತ್ತ ಇಬ್ಬರೂ ಮೆಟ್ಟಿಲು ಹತ್ತಿದೆವು:
ಭ, ಮ, ಯ, ರ, ಲ,
ವ, ಶ, ಷ, ಸ, ಹ.
ಹತ್ತೇ.
ಮಿಕ್ಕ ಮೂರು ಎಲ್ಲಿ?

ಕೋಡಿನ ಪಟ್ಟಿ ತೆಗೆದು ನೋಡಿದರೆ
ನಮ್ಮ ವರ್ಣಮಾಲೆಯ ಕೊನೇ ಬೆಂಚಿನ ಳ
ಅಲ್ಲಿ ಲ ಪಕ್ಕದಲ್ಲೇ ಬಂದು ಕೂತಿದೆ.
ಯಾರೂ ಉಚ್ಚರಿಸದ ಱ,
ಶಾಸನದ ಕಲ್ಲಿಂದ ಎದ್ದು ಬಂದಂತೆ, ಒಂದು.
ಇನ್ನೊಂದು ಬರೀ ಖಾಲಿ ಮಣೆ. ಎಲೆ ಹಾಕಿಲ್ಲ, ಯಾರೂ ಕೂತಿಲ್ಲ,
ಆದರೂ ಲೆಕ್ಕಕ್ಕುಂಟು.

"ಹದಿಮೂರನ್ನ ಬಿಡು," ಅಂದೆ, "ಅದು ದೂರವೂ ಅಲ್ಲ, ದರ್ಜೆಯೂ ಅಲ್ಲ.
ಚಿಹ್ನೆ ನೋಡು. ಮೈನಸ್ ಅಂದರೆ ಎಡಗಡೆಯದು ಸಾಲಲ್ಲಿ ಮುಂದೆ.
ಪ್ಲಸ್ ಅಂದರೆ ಹಿಂದೆ. ಸೊನ್ನೆ ಬಂದರೆ
ಎರಡೂ ಒಂದೇ.
ಸೊನ್ನೆಗೆ ಖುಷಿಪಡೋ ಜಾಗ ಇದೊಂದೇ ಕಣೇ."

ಅವಳು ನಗಲಿಲ್ಲ. ಮೇಜಿನ ಮೇಲಿದ್ದ
ಖಜಾನೆಯ ಹಿಂಬರಹ ನೋಡುತ್ತಿದ್ದಳು:
ಅತಿಥಿ ಉಪನ್ಯಾಸಕಿ, ಮೂರು ತಿಂಗಳ ಸಂಬಳ,
ಹೆಸರು ತಾಳೆಯಾಗುತ್ತಿಲ್ಲ, ವಾಪಸ್.
ಒತ್ತಕ್ಷರದ ಮೇಲೆ ಬೆರಳಿಟ್ಟು ನಾನು
ಎಷ್ಟು ಸಲ ಓದಿದ್ದೇನೋ ಆ ಹೆಸರನ್ನ.

"ಪಟ್ಟಿಯ ಫೈಲ್ ಇದೆಯಾ ಮೇಡಂ?"
ಎಡಕ್ಕೆ ಆಧಾರಿನ ಪುಟ್ಟಲಕ್ಷ್ಮಿ,
ಬಲಕ್ಕೆ ಪಟ್ಟಿಯ ಪುಟ್ಟಲಕ್ಷ್ಮಿ.
ಮೈನಸ್ ಒಂದು.
ಅದಲುಬದಲು ಮಾಡಿದಳು.
ಒಂದು.

"ಅಕ್ಷರ ಎಲ್ಲಾ ಸರಿಯಿದೆ ಮೇಡಂ.
ಪಟ್ಟೀದು ಉದ್ದ ಒಂದು ಹೆಚ್ಚು, ಅಷ್ಟೇ."
ಯಾವನೋ ಗುಮಾಸ್ತ, ಊಟದ ಹೊತ್ತೇನೋ,
ಮಿ ಆದಮೇಲೆ ಹೆಬ್ಬೆರಳು
ಸ್ಪೇಸ್ ಬಾರಿನ ಮೇಲೆ ಒರಗಿಸಿದ್ದಾನೆ.

ಐದು ಗಂಟೆಯ ಬೇಲೂರು ಬಸ್ಸಿಗೆ ಅವಳು ಓಡಿದಳು.
ನಾನು ಅರ್ಜಿ ಬರೆಯಲು ಕೂತೆ.
ಮಾನ್ಯರೇ,
ನನ್ನ ಹೆಸರಿನ ಕೊನೆಯಲ್ಲಿ ಏನೂ ಇಲ್ಲ.
ದಯವಿಟ್ಟು ಅದನ್ನು ತೆಗೆದುಹಾಕಿ.