ತಾನೆಲ್ಲಿ ನಿಂತಿದ್ದೆ

ಹರಾಜಿನಲ್ಲಿ ಹಿಡಿದ ಮಿಲ್ಲಿಂಗ್ ಮಷೀನು. ಮೈ ಗಟ್ಟಿ,
ತಲೆ ಮಾತ್ರ ಎಂದೋ ಸತ್ತಿತ್ತು.
ಅಂತರಸನಹಳ್ಳಿಯ ಶೆಡ್ಡಿಗೆ ಕ್ರೇನಿನಲ್ಲಿ ಇಳಿಸಿದ ದಿನ
ಹಿಂಬದಿಯ ಬಾಗಿಲು ತೆರೆದರೆ
ಹಲ್ಲಿಮೊಟ್ಟೆ, ಸುಟ್ಟ ಬೋರ್ಡು, ಓದಲಾಗದ ಭಾಷೆಯ ಒಂದು ಚೀಟಿ.
ಎರಡು ಟನ್ ಬೀಡು ಕಬ್ಬಿಣ
ಯಾರಾದರೂ ಏನಾದರೂ ಹೇಳಲಿ ಅಂತ ಕಾದು ಕೂತಿತ್ತು.

ಹೇಳುವುದು ಯಾರು, ಯಾವ ಬಾಯಲ್ಲಿ?
ಒಂದು ತಿಂಗಳು ಅದೇ ಜಗಳ.

ಮಂಡಿಪೇಟೆಯ ಜಬೀನಾ, ಪ್ಯಾನೆಲ್ ವೈರಿಂಗಿನಲ್ಲಿ
ಜಡೆ ಹೆಣೆದಷ್ಟು ಸಲೀಸು ಅವಳ ಕೈ,
ಹಳೇ ಕಂಪ್ಯೂಟರೊಂದನ್ನು ಕಂಕುಳಲ್ಲಿ ಹೊತ್ತು ತಂದಳು:
"ಬೆನ್ನಲ್ಲಿ ಪ್ಯಾರಲಲ್ ಪೋರ್ಟ್ ಇದೆ ನೋಡಿ,
ಇಪ್ಪತ್ತೈದು ಪಿನ್ನು. ಸಾಫ್ಟ್‌ವೇರು ಪುಕ್ಕಟೆ,
ಖರ್ಚು ಬರೀ ನಮ್ಮ ನಿದ್ದೆ."
ಓಡಿಸಿದೆವು. ಓಡಿತು.
ಬಿಲ್ಲು ನೋಡಲೆಂದು ನಾನು ಮೌಸ್ ಮುಟ್ಟಿದೆ, ಅಷ್ಟೇ,
ಮೋಟಾರು ಎಡವಿದ ಮಗುವಿನಂತೆ ತಡವರಿಸಿ
ಗುಂಡಗಿರಬೇಕಿದ್ದ ತೂತಿಗೆ ಒಂದು ಗಲ್ಲ ಮೂಡಿತು.

"ಲೆಕ್ಕ ಬರೆಯುವವನೇ ತಾಳ ಹಾಕಬಾರದು" ಅಂದಳು ಅವಳೇ.
"ತಾಳಕ್ಕೆ ಬೇರೆ ಕಾರ್ಡು ಬೇಕು.
ಕಂಪ್ಯೂಟರು ಮುಂದಿನ ಸಾಲು ಓದುತ್ತಿರಲಿ,
ಕಾರ್ಡು ತನ್ನ ಪಾಡಿಗೆ ಹೆಜ್ಜೆ ಎಣಿಸುತ್ತಿರಲಿ."
ಅದಕ್ಕೆ ಹದಿನೆಂಟು ಸಾವಿರ, ಜಿಎಸ್‌ಟಿ ಬೇರೆ.

ಪೀಣ್ಯದಿಂದ ಬಂದ ಏಜೆಂಟು
ಮುಚ್ಚಿದ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟು
ನೈವೇದ್ಯ ಇಟ್ಟವನ ಹಾಗೆ ಹಿಂದೆ ಸರಿದ.
ಸ್ಕ್ರೀನಿದೆ, ಬಟನ್ನಿದೆ, ಎರಡು ವರ್ಷ ವಾರಂಟಿಯಿದೆ.
"ಒಳಗೇನಿದೆ?"
"ಅದು ನಿಮಗ್ಯಾಕೆ ಮೇಡಂ?"
ಬೆಲೆ ಹೇಳಿದಾಗ ಮಷೀನೇ ನಿಟ್ಟುಸಿರು ಬಿಟ್ಟಿತು.
ಏರ್ ಲೈನು ಲೀಕು, ಆಮೇಲೆ ಗೊತ್ತಾಯಿತು.

ಇಷ್ಟೂ ದಿನ ಕ್ಯಾತಣ್ಣ ಬಾಯಿ ಬಿಟ್ಟಿರಲಿಲ್ಲ.
ಮೂವತ್ತೊಂದು ವರ್ಷ ಗಡಿಯಾರದ ಫ್ಯಾಕ್ಟರಿಯಲ್ಲಿ
ಕೂದಲಿನಂಥ ಪಿನ್ನು ತಿರುವಿದವನು;
ಫ್ಯಾಕ್ಟರಿ ನಿಂತ ಮೇಲೂ ಅವನ ಕಿವಿ ನಿಲ್ಲಲಿಲ್ಲ.
ಮಷೀನಿನ ಬೆಡ್ಡಿನ ಮೇಲೆ ಯಾರಾದರೂ ಟೀ ಲೋಟ ಇಟ್ಟರೆ
ಮಾತಾಡದೆ ಎತ್ತಿ ಹೊರಗೆ ಚೆಲ್ಲುತ್ತಾನೆ.
ಅವತ್ತು ಕೇಳಿದ:
"ಮಧ್ಯದಲ್ಲಿ ಕರೆಂಟು ಹೋಗ್ತದೆ. ಹೋಗೇ ಹೋಗ್ತದೆ.
ಬಂದಾಗ ಅದಕ್ಕೆ
ತಾನೆಲ್ಲಿ ನಿಂತಿದ್ದೆ ಅಂತ ಗೊತ್ತಿರ್ತದಾ?"

ಜಬೀನಾ ನನ್ನ ಮುಖ ನೋಡಿದಳು.
ಏಜೆಂಟು ಕೆಟಲಾಗಿನ ಮುಖ ನೋಡಿದ.

ಸ್ಟೆಪ್ಪರ್ ಮೋಟಾರು ಪಾಪದ ಪ್ರಾಣಿ.
ಸಾವಿರ ಹೆಜ್ಜೆ ಅಂದರೆ ಹೊರಟೇಬಿಡುತ್ತದೆ;
ಏನೋ ಅಡ್ಡ ಬಂದು ಒಂಬೈನೂರಕ್ಕೆ ನಿಂತರೂ
ಕಂಟ್ರೋಲರು ಸಾವಿರವೆಂದೇ ಬರೆದುಕೊಳ್ಳುತ್ತದೆ.
ತಿರುಗಿ ಕೇಳುವ ತಂತಿಯೇ ಇಲ್ಲ.
(ನಮ್ಮ ಮನೆಯಲ್ಲೂ ಎಷ್ಟೋ ವರ್ಷ ಹಾಗೇ ನಡೆಯಿತು.
ಅದು ಬೇರೆ ಕತೆ.)

ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ
ಮತ್ತೆ ಲೆಕ್ಕ ಹಾಕಿದೆವು:
ಸರ್ವೋ, ಅದರ ಬಾಲದಲ್ಲಿ ಎನ್‌ಕೋಡರು, ಬ್ಯಾಟರಿಯಲ್ಲಿ ನೆನಪು,
ಉತ್ತರ ಕೇಳುವ ತಾಳ್ಮೆಯಿರುವ ಕಾರ್ಡು,
ಒಳಗೆ ಇಣುಕಲು ಬಿಡುವ ಸಾಫ್ಟ್‌ವೇರು.
ಪೆಟ್ಟಿಗೆಗಿಂತ ಅಗ್ಗ; ಪುಕ್ಕಟೆಗಿಂತ ಬಹಳ ದುಬಾರಿ.
"ವಾರಂಟಿ?" ಅಂದೆ.
"ನಾನಿದ್ದೀನಲ್ಲ" ಅಂದಳು, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು.

ಅರ್ತಿಂಗಿಗೆ ಮೂರು ಸಲ ಗುಂಡಿ ತೋಡಿಸಿದೆವು,
ಉಪ್ಪು, ಇದ್ದಿಲು, ಬಿಂದಿಗೆಗಟ್ಟಲೆ ನೀರು.
ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಕಿಡಿ ಹಾರಿದಾಗಲೆಲ್ಲ
ನಮ್ಮ ಲಿಮಿಟ್ ಸ್ವಿಚ್ಚು ಸುಮ್ಮಸುಮ್ಮನೆ ಬೆಚ್ಚಿಬೀಳುತ್ತಿತ್ತು.

ಮೊದಲ ತುಂಡು ಅಲ್ಯುಮಿನಿಯಂ. ಅರ್ಧ ವೃತ್ತ ಆಗಿತ್ತು,
ಕರೆಂಟು ಹೋಯಿತು. ಬೆಸ್ಕಾಂ ಮುಹೂರ್ತ ತಪ್ಪಿಸುವುದಿಲ್ಲ.
ಕತ್ತಲಲ್ಲಿ ಕೂಲೆಂಟು ತೊಟ್ಟಿಕ್ಕುವ ಸದ್ದು.
ಯಾರೂ ಮೊಬೈಲ್ ದೀಪ ಹಾಕಲಿಲ್ಲ, ಯಾಕೋ.
ನಲವತ್ತು ನಿಮಿಷ.

ಬಂದಾಗ ಸ್ಕ್ರೀನಿನಲ್ಲಿ ಅಂಕಿಗಳು
ದಶಾಂಶದ ಆಚೆಯ ಮೂರು ಮನೆ ಸಮೇತ
ಬಿಟ್ಟಲ್ಲೇ ನಿಂತಿದ್ದವು.
ಜಬೀನಾ ಚಪ್ಪಾಳೆ ತಟ್ಟಿದಳು.
ಕ್ಯಾತಣ್ಣ ಸ್ಕ್ರೀನು ನಂಬಲಿಲ್ಲ.
ಡಯಲ್ ಗೇಜು ತಂದು, ಕನ್ನಡಕ ಹಣೆಗೇರಿಸಿ,
ಮುಟ್ಟಿಸಿದ. ಮುಳ್ಳು ಒಂದು ಗೆರೆ ಅಲ್ಲಾಡಿತು.
ಬರೀ ಒಂದು ಗೆರೆ.
"ಅದ್ಯಾಕೆ ಆ ಒಂದು?" ಅಂತ ಬಗ್ಗಿ
ಬಾಲ್ ಸ್ಕ್ರೂಗೆ ಕಿವಿ ಕೊಟ್ಟು
ಈಗಲೂ ಕೂತಿದ್ದಾನೆ.
ಟೀ ಆರುತ್ತಿದೆ, ನೆಲದ ಮೇಲೆ.