ಹಿಂದಿನ ನೆರಿಗೆ

ಮೂರನೇ ದಿನ ಗೆಂದಿ ನಿಲ್ಲಲಾರದೆ
ಹಿಂಗಾಲು ಮಡಚಿ ಗೊಬ್ಬರಗುಂಡಿಯ ಪಕ್ಕ ಬಿತ್ತು.
"ಟೀವಿಯಲ್ಲಿ ತೋರಿಸಿದ್ದು ಇದೇ," ಅಂದ ಉಮ್ಮರ್,
"ಹುಚ್ಚುಹಸು ರೋಗ."
ಆ ಸಂಜೆ ಡಿಪೋದಲ್ಲಿ ಹಾಲಿನ ಕ್ಯಾನು
ತುಂಬಿದ್ದು ತುಂಬಿಯೇ ಉಳಿಯಿತು.

ನಾನು ನಾಪೋಕ್ಲಿನ ದನದ ಡಾಕ್ಟರು.
ಸತ್ತ ಮೇಲೆ ತಲೆಬುರುಡೆಯ ಹಿಂದಿನ ತೂತಿಗೆ
ಉದ್ದ ಚಮಚ ಇಳಿಸಿ
ಮಿದುಳಿನ ಬುಡ ತೆಗೆದೆ, ಹೆಬ್ಬೆರಳಷ್ಟು,
ಐಸ್ ಡಬ್ಬಿಯಲ್ಲಿಟ್ಟು ರಾತ್ರಿ ಬಸ್ಸು ಹತ್ತಿಸಿದೆ.

ದೇಚಮ್ಮ ಕೇಳಿದರು: ಹುಳವಾ?
ಹುಳವಲ್ಲ. ಜೀವವೇ ಇಲ್ಲದ್ದು.
ಮೈಯದೇ ಒಂದು ಎಳೆ, ತಪ್ಪಿ ಮಡಚಿಕೊಂಡದ್ದು.
ನಿಮ್ಮ ಸೀರೆಯನ್ನೇ ನೋಡಿ, ನೆರಿಗೆ ಬೆನ್ನ ಹಿಂದೆ:
ಒಂದು ತಪ್ಪಿದರೆ ಪಕ್ಕದ್ದೂ ತಪ್ಪುತ್ತದೆ,
ಉಟ್ಟವರಿಗೆ ಕಾಣದು,
ನಾಲ್ಕು ವರ್ಷ, ಐದು ವರ್ಷ.
ಕುದಿಸಿದರೂ ಬಿಚ್ಚದ ನೆರಿಗೆ.

ಬಂದದ್ದೆಲ್ಲಿಂದ?
ದೂರದ ದ್ವೀಪದಲ್ಲಿ ಹಸುವಿಗೆ ಹಸುವನ್ನೇ
ಪುಡಿಮಾಡಿ ತಿನ್ನಿಸಿದರು, ಅಗ್ಗವೆಂದು.
ಈಗ ನಿಲ್ಲಿಸಿದ್ದಾರೆ. ಆದರೂ ಅಪರೂಪಕ್ಕೊಂದು,
ಎಲ್ಲೋ ಮುದಿ ಹಸುವಲ್ಲಿ, ತನ್ನಷ್ಟಕ್ಕೆ.
ನಮ್ಮಲ್ಲಿ ಕಂಡಿಲ್ಲ.
ಕಂಡಿಲ್ಲ ಅನ್ನಲಿಕ್ಕೇ ಈ ಚಮಚ.

ಅವರು ಮೂಲೆಯ ಚೀಲ ನೋಡಿದರು,
ಮೆಣಸಿನ ಬಳ್ಳಿಗೆ ತಂದ ಮೂಳೆಪುಡಿ,
ಬಾಯಲ್ಲಿ ಗೆಂದಿ ನೆಕ್ಕಿದ ಗುರುತು.

ನಾಲ್ಕನೇ ದಿನ ಫೋನು: ಅದಲ್ಲ ಡಾಕ್ಟ್ರೇ, ರೇಬೀಸು.
ಡಿಪೋದವರು ಉಸಿರು ಬಿಟ್ಟರು,
ಅಬ್ಬ, ನಮ್ಮದೇ ರೋಗ!
ಗಂಟಲಲ್ಲಿ ಏನೋ ಸಿಕ್ಕಿದೆಯೆಂದು
ಮೊಣಕೈವರೆಗೆ ಕೈ ಹಾಕಿದ್ದವರು ದೇಚಮ್ಮ.
ಆಸ್ಪತ್ರೆಯ ಬೆಂಚಿನಲ್ಲಿ
ಎರಡನೇ ಸೂಜಿಗೆ ತೋಳು ಚಾಚಿ,
ಇನ್ನೊಂದು ಕೈಯಿಂದ
ಬೆನ್ನ ಹಿಂದಿನ ನೆರಿಗೆ
ಒಂದೊಂದಾಗಿ ತಡವುತ್ತಿದ್ದರು.