ಉಪ್ಪಳದಲ್ಲಿ ಅರ್ಧ ಸಮಯ

ಒಂದಕ್ಕೆ ಎರಡು. ನಾವು ಹಿಂದೆ.
ಕೊಯ್ದ ಗದ್ದೆಯ ಕೂಳೆ ಇನ್ನೂ ಕಣಕಾಲಿಗೆ ಚುಚ್ಚುತ್ತದೆ,
ಫ್ಲಡ್‌ಲೈಟಿನ ಸುತ್ತ ಹಾತೆ.

ಎಲ್ಲರೂ ಹೇಳುವುದು ಒಂದೇ: ಸಿನಾನಿಗೆ ಕೊಡಿ.
ಗ್ಯಾಲರಿ ಹೇಳುತ್ತದೆ, ಸೋಡಾದವ ಹೇಳುತ್ತಾನೆ,
ಮೈಕಿನವನಂತೂ ಮೂರು ಭಾಷೆಯಲ್ಲಿ ಹೇಳಿಯಾಯಿತು.
ಅವನ ಎಡಗಾಲಲ್ಲಿ ಏನೋ ಉಂಟು, ಸುಳ್ಳಲ್ಲ.
ಚೆಂಡು ಅಲ್ಲಿ ಒಂದು ಗಳಿಗೆ ಕೂತು ಯೋಚಿಸುತ್ತದೆ.

ಆದರೆ ಅದು ಅವರಿಗೂ ಗೊತ್ತಲ್ಲ, ಮಾರಾಯ.
ಮೂವರು ಸೇರಿ ಅವನ ನೆರಳಿಗೇ ಬೇಲಿ ಹಾಕಿದ್ದಾರೆ.

ಮೋನಪ್ಪ ಲೇಸು ಬಿಗಿಯುತ್ತಿದ್ದಾನೆ, ಏನೂ ಕೇಳುವುದಿಲ್ಲ.
ಬೆಳಿಗ್ಗೆ ನಾಲ್ಕಕ್ಕೆ ಮಂಜೇಶ್ವರದ ಬಂದರಿನಲ್ಲಿ
ಐಸಿನ ಪೆಟ್ಟಿಗೆ ಹೊತ್ತು ಓಡಿದವ
ಇಲ್ಲಿಯೂ ಹಾಗೆಯೇ ಓಡುತ್ತಾನೆ, ತಲೆ ತಗ್ಗಿಸಿ,
ಹತ್ತು ಗಜ, ಮತ್ತೆ ಹತ್ತು ಗಜ,
ಚಪ್ಪಾಳೆ ಬೀಳದ ಬದಿಯಲ್ಲಿ.

ನಾನು ಪಂಕ್ಚರ್ ಹಾಕುವವ. ನನಗೆ ತಿಳಿದದ್ದು ಇಷ್ಟೇ:
ಗಾಳಿ ಒಂದೇ ಕಡೆ ಉಬ್ಬಿದರೆ ಟ್ಯೂಬು ಅಲ್ಲೇ ಒಡೆಯುತ್ತದೆ.

"ಮೊದಲ ಹತ್ತು ನಿಮಿಷ ಬಲಬದಿ," ಅಂದೆ,
"ಮೋನಪ್ಪನಿಗೆ. ಅವರು ಬೇಸತ್ತು ಅತ್ತ ವಾಲುವವರೆಗೆ.
ಸಿನಾನ್, ನೀನು ಸುಮ್ಮನೆ ನಿಲ್ಲು."

ಸಿನಾನ್ ಲಿಂಬೆಯ ಸಿಪ್ಪೆ ಉಗಿದ.
ಪಂದ್ಯಕ್ಕೆ ಎರಡು ಸಾವಿರ ತೆಗೆದುಕೊಳ್ಳುವವನಿಗೆ
ಸುಮ್ಮನೆ ನಿಲ್ಲು ಅನ್ನುವುದು ಹೇಗೆಂದು
ನನಗೆ ಯಾರೂ ಕಲಿಸಿರಲಿಲ್ಲ.

ಆಮೇಲೆ ಅವನೇ, ಮೆಲ್ಲಗೆ, ಎಲ್ಲೋ ನೋಡುತ್ತ:
"ಅವನ ಬೂಟಿನ ಅಟ್ಟೆ ಬಾಯಿ ಬಿಟ್ಟಿದೆ.
ನನ್ನ ಚೀಲದಲ್ಲಿ ಇನ್ನೊಂದು ಜೊತೆ ಉಂಟು.
ಒಂಬತ್ತು ಆಗುತ್ತದಾ ಕೇಳಿ."

ಒಂದು ನಂಬರು ದೊಡ್ಡದಾಯಿತು.
ತುದಿಗೆ ಪೇಪರು ತುರುಕುತ್ತಿದ್ದೆವು,
ಅಷ್ಟರಲ್ಲಿ ಸೀಟಿ.